ಮುನ್ನೂರೈವತ್ತರ ಕತ್ತಿ

ಬೆಂಗಳೂರು ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಕೀಲಿಯಿಲ್ಲದ ಬೀಗಗಳು, ಕೆಟ್ಟ ಕ್ಯಾಮೆರಾಗಳ ನಡುವೆ ಅದು ಬಿದ್ದಿತ್ತು: ಮಡಚುವ ಹಳೇ ಕಾಲದ ಕ್ಷೌರದ ಕತ್ತಿ. ಬುಡದ ತುಕ್ಕನ್ನು ಉಗುರಲ್ಲಿ ಕೆರೆದರೆ ‘ಸೋಲಿಂಗೆನ್, ಜರ್ಮನಿ’ ಎಂಬ ಮೊಹರು. ಐನೂರು ಅಂದವನು ಮುನ್ನೂರೈವತ್ತಕ್ಕೆ ಕೊಟ್ಟ. ಮನೆಗೆ ಬಂದು ಲೆಕ್ಕದ ಪುಸ್ತಕದಲ್ಲಿ ಅದನ್ನು ‘ಉಳಿತಾಯ’ದ ಕೆಳಗೆ ಬರೆದೆ. ಇನ್ನು ಜೀವಮಾನವಿಡೀ ಬ್ಲೇಡ್ ಕೊಳ್ಳುವ ಗೊಡವೆಯಿಲ್ಲ ಎಂಬುದು ನನ್ನ ವಾದ. ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು, ಏನೂ ಹೇಳಲಿಲ್ಲ.

ವಾಟರ್ ಪೇಪರ್‌ಗೆ 240, ಲೋಹದ ಪಾಲಿಶ್‌ಗೆ 160. ನಾನೂರನೇ ನಂಬರಿನಿಂದ ಶುರು ಮಾಡಿ ಎರಡು ಸಾವಿರದ ತನಕ ತಾಳ್ಮೆಯಿಂದ ಕೈಯಲ್ಲೇ ಉಜ್ಜಬೇಕು. ಎರಡು ಸಂಜೆಗೇ ನನ್ನ ತಾಳ್ಮೆ ಮುಗಿಯಿತು. 180 ಕೊಟ್ಟು ಡ್ರಿಲ್‌ಗೆ ಸಿಕ್ಕಿಸುವ ತಂತಿ ಬ್ರಷ್ ತಂದೆ. ತುಕ್ಕು ಹೊಗೆಯ ಹಾಗೆ ಹಾರಿತು. ಕೆಳಗಿನ ಬೆಳ್ಳಿ ಬಣ್ಣ ಕಂಡು ಖುಷಿಯಾಗಿ ಇನ್ನಷ್ಟು ಒತ್ತಿದೆ. ಅಲಗಿನ ಅಂಚು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದು, ನೋಡನೋಡುತ್ತಲೇ ನವಿಲುಗರಿಯ ನೀಲಿ. ಎಷ್ಟು ಚೆಂದ ಅಂದುಕೊಂಡೆನಲ್ಲ, ಅದೇ ಅದರ ಸಾವು. ಉಕ್ಕು ನೀಲಿಯಾಗುವುದು 300 ಡಿಗ್ರಿಯ ಆಸುಪಾಸಿನಲ್ಲಿ. ಕ್ಷೌರದ ಕತ್ತಿಯ ಹದ ಅದಕ್ಕೆ ಬಹಳ ಮೊದಲೇ ಹಾರಿಹೋಗಿರುತ್ತದೆ. ಕಾಗದದಷ್ಟು ತೆಳು ಅಂಚು ಕಾಯಲು ಎಷ್ಟು ಹೊತ್ತು ಬೇಕು?

ಇಲ್ಲಿಗೆ ಬಿಟ್ಟಿದ್ದರೆ ನಷ್ಟ 930 ರೂಪಾಯಿ. ಆದರೆ ಪೇಪರ್, ಪಾಲಿಶ್ ಎಲ್ಲ ಉಳಿದಿತ್ತು. ‘ಸುಮ್ಮನೆ ವೇಸ್ಟ್ ಆಗಬಾರದು’ ಎಂಬ ಹಾಳು ಲೆಕ್ಕಾಚಾರದಲ್ಲಿ 1,400 ಕೊಟ್ಟು ಎರಡನೇ ಕತ್ತಿ ಕೊಂಡೆ. ಇದು ಶೆಫೀಲ್ಡಿನದು, ಕೋಡಿನ ಹಿಡಿ. ಈ ಸಲ ಡ್ರಿಲ್ಲನ್ನು ಅಟ್ಟಕ್ಕೆ ಹಾಕಿ, ಮೂರು ವಾರ ಕೈಯಲ್ಲೇ ತಿಕ್ಕಿದೆ.

ಹೊಳಪು ಬಂದ ಮಾತ್ರಕ್ಕೆ ಗಡ್ಡ ಹೋಗುವುದಿಲ್ಲ. ಒಂದು ಸಾವಿರ ಮತ್ತು ಆರು ಸಾವಿರ ನಂಬರಿನ ಜೋಡಿ ಸಾಣೆಕಲ್ಲು 1,650. ಕೊನೆಯ ನುಣುಪಿಗೆ ಹನ್ನೆರಡು ಸಾವಿರದ ಕಲ್ಲು 3,900. ಚರ್ಮದ ಪಟ್ಟಿ 1,150. ಕಲ್ಲಿನ ಮೇಲೆ ಕತ್ತಿಯ ಬೆನ್ನು, ಅಂಚು ಎರಡೂ ಕೂತಿರಬೇಕು. ಮಸೆಯುವ ಕೋನವನ್ನು ಆ ದಪ್ಪ ಬೆನ್ನೇ ಕಾಯುತ್ತದೆ, ನಾವು ಜಾಣತನ ತೋರಿಸಬೇಕಿಲ್ಲ. ಕಲ್ಲಿನ ಮೇಲೆ ಅಂಚು ಮುಂದು, ಪಟ್ಟಿಯ ಮೇಲೆ ಬೆನ್ನು ಮುಂದು. ಒಮ್ಮೆ ಮರೆತು ಪಟ್ಟಿಯ ಮೇಲೂ ಅಂಚನ್ನೇ ಮುಂದೆ ನೂಕಿದೆ. ಹೊಸ ಚರ್ಮದಲ್ಲಿ ಬಾಯಿಬಿಟ್ಟ ಗೀರು ಈಗಲೂ ಇದೆ. ಕಡೆಗೊಂದು ರಾತ್ರಿ ತಲೆಯಿಂದ ಕಿತ್ತ ಕೂದಲನ್ನು ಅಂಚಿಗೆ ತಾಗಿಸಿದರೆ ಸದ್ದಿಲ್ಲದೆ ಎರಡಾಯಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಎಬ್ಬಿಸಬಾರದಿತ್ತು.

ಒಟ್ಟು 9,030 ರೂಪಾಯಿ. ನಾನು ಮೊದಲು ಬಳಸುತ್ತಿದ್ದದ್ದು ವಾರಕ್ಕೊಂದು ಬ್ಲೇಡ್, ನಾಲ್ಕು ರೂಪಾಯಿ, ವರ್ಷಕ್ಕೆ 208. ಹಾಕಿದ ದುಡ್ಡು ಹುಟ್ಟಲು ನಲವತ್ತಮೂರು ವರ್ಷ ದಾಟಬೇಕು. ನನಗೀಗ ಐವತ್ತೊಂದು. ತೊಂಬತ್ತನಾಲ್ಕನೇ ವಯಸ್ಸಿಗೆ ಲಾಭ ಶುರು, ಅದೂ ಕೈ ನಡುಗದಿದ್ದರೆ.

ನಮ್ಮ ಬೀದಿಯ ಕ್ಷೌರಿಕರಿಗೆ ಕತ್ತಿ ತೋರಿಸಿದೆ. ಹೆಬ್ಬೆರಳಿಂದ ಅಂಚು ಮುಟ್ಟಿ ನೋಡಿ ತಲೆದೂಗಿದರು. “ನಮ್ಮಪ್ಪ ದಿನಾ ಪಟ್ಟಿಗೆ ತೀಡೋರು ಸಾರ್. ನಾನು ಬ್ಲೇಡ್ ಮುರಿದು ಅರ್ಧ ಹಾಕ್ತೀನಿ, ಆಮೇಲೆ ಬಿಸಾಕ್ತೀನಿ. ಎರಡು ರೂಪಾಯಿ.” ಹೊಟ್ಟೆಪಾಡಿಗೆ ಕತ್ತಿ ಹಿಡಿದವರು ಎಂದೋ ಮುಗಿಸಿದ ಲೆಕ್ಕವನ್ನು ನಾನು ಒಂಬತ್ತು ಸಾವಿರ ಕೊಟ್ಟು ಕಲಿತೆ.

ಹಾಗಂತ ಪಶ್ಚಾತ್ತಾಪವಿಲ್ಲ. ಭಾನುವಾರ ಬೆಳಿಗ್ಗೆ ಪಟ್ಟಿಯ ಮೇಲೆ ಐವತ್ತು ಸಲ ಕತ್ತಿ ಆಡಿಸುವ ಸುಖಕ್ಕೆ ಆ ದುಡ್ಡು ಹೆಚ್ಚಲ್ಲ. ತಪ್ಪಾದದ್ದು ಪುಸ್ತಕದಲ್ಲಿ. ಒಂಬತ್ತೂ ಸಾವಿರವನ್ನು ‘ಉಳಿತಾಯ’ದಿಂದ ಹೊಡೆದುಹಾಕಿ, ‘ಸಿನಿಮಾ, ಕಾಫಿ, ಇತರೆ’ಗೆ ದಾಟಿಸಿದ್ದೇನೆ. ಆ ಸಾಲಿಗೆ ತಿಂಗಳಿಗೆ ಐನೂರರ ಮಿತಿ ಇದೆ. ಈಗ ಒಂದೂವರೆ ವರ್ಷದ ಸಾಲ.

ಮೊನ್ನೆ ಅದೇ ಬಜಾರಿನಲ್ಲಿ ಅದೇ ವ್ಯಾಪಾರಿ ಸೆಲ್ಯುಲಾಯ್ಡ್ ಹಿಡಿಯ ಇನ್ನೊಂದು ಕತ್ತಿ ಚಾಚಿದ. ಬಿಡಿಸಿ ನೋಡಿದೆ. ಹಿಡಿ ಬಿರುಕು ಬಿಟ್ಟಿತ್ತು, ಅದರೊಳಗೆ ಮಡಚಿಕೊಳ್ಳುವಷ್ಟು ಅಲಗು ಮಾತ್ರ ಗುಳಿಗುಳಿಯಾಗಿ ತುಕ್ಕು ತಿಂದಿತ್ತು. ಹಳಸಿದ ಸೆಲ್ಯುಲಾಯ್ಡ್ ಬಿಡುವ ಆಮ್ಲದ ಕೆಲಸ. ಬೇಡ ಅಂದೆ. ಇನ್ನೂರೈವತ್ತು ಅಂದ. ನೂರೈವತ್ತು ಅಂದ. ಹಿಡಿ ಬದಲಾಯಿಸಲು ಹಿತ್ತಾಳೆ ಸರಿಗೆ ಎಲ್ಲಿ ಸಿಗಬಹುದೆಂದು ಯೋಚಿಸುತ್ತಾ ಬಸ್‌ಸ್ಟಾಪಿನ ಕಡೆ ನಡೆದೆ.