ಶೋಕೇಸಿನ ಬಾಟಲಿ ಕೆಳಗಿಳಿಸಿ: ಹಳೇ ವೈನು, ಹೊಸ ವೈನು, ಜೊತೆಗೆ ನಮ್ಮ ಊಟ

ಜಯನಗರದ ನಮ್ಮ ಮನೆಯ ಶೋಕೇಸಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕ, ಒಂದು ಬಿಳಿ ವೈನ್ ಬಾಟಲಿ ಏಳು ವರ್ಷ ಕೂತಿತ್ತು. ಯಾರೋ ಕೊಟ್ಟ ಉಡುಗೊರೆ. ವೈನು ಹಳೆಯದಾದಷ್ಟೂ ರುಚಿ ಅಂತ ಎಲ್ಲರೂ ಹೇಳುತ್ತಾರಲ್ಲ, ನಾವೂ ನಂಬಿ ಕಾದೆವು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ತೆಗೆದರೆ ಗ್ಲಾಸಿಗೆ ಬಂದದ್ದು ಆರಿದ ಟೀ ಬಣ್ಣದ ನೀರು. ಮೂಗಿಗೆ ಹಿಡಿದರೆ ಹೆಚ್ಚಿಟ್ಟು ಮರೆತ ಸೇಬಿನ ವಾಸನೆ. ವೈನ್ ಮಾಡಿದವರ ತಪ್ಪೇನಿರಲಿಲ್ಲ. ಎರಡು ವರ್ಷದೊಳಗೆ ಕುಡಿದು ಮುಗಿಸಬೇಕಾದ್ದನ್ನು ನಾವು ಏಳು ವರ್ಷ ಟ್ಯೂಬ್‌ಲೈಟಿನ ಕೆಳಗೆ ಇಟ್ಟು ಕೆಡಿಸಿದ್ದೆವು.

ಹಳತು–ಹೊಸತಿನ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ಪುಳಿಯೋಗರೆ ಗೊಜ್ಜಿಗೆ ಹಳೇ ಹುಣಸೆಹಣ್ಣೇ ಬೇಕು, ಅನ್ನ ಉದುರಾಗಬೇಕಾದರೆ ಹಳೇ ಅಕ್ಕಿಯೇ ಆಗಬೇಕು. ಅದೇ ಕಾಫಿಪುಡಿ ಮಾತ್ರ ಕಣ್ಣೆದುರೇ ಹುರಿದು ಬೀಸಿದ್ದಿರಬೇಕು. ವೈನಿನಲ್ಲೂ ಈ ಎರಡು ಜಾತಿ ಇವೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬಹುಪಾಲು ವೈನು ಕಾಫಿಪುಡಿಯ ಜಾತಿ. ಕೆಲವು ಮಾತ್ರ ಹುಣಸೆಹಣ್ಣಿನ ಜಾತಿ.

ಕೊಳ್ಳುವಾಗ

ಲೇಬಲ್ಲಿನ ಇಸವಿ ಮೊದಲು ನೋಡಿ. ಅದು ಬಾಟಲಿಗೆ ತುಂಬಿದ ವರ್ಷವಲ್ಲ, ದ್ರಾಕ್ಷಿ ಕೊಯ್ದ ವರ್ಷ. ಯುರೋಪಿನಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ದೆ ಮಾಡುತ್ತದೆ, ಕೊಯ್ಲು ಸೆಪ್ಟೆಂಬರಿನ ಆಸುಪಾಸು. ನಮ್ಮ ಬಳ್ಳಿಗೆ ನಿದ್ದೆಯಿಲ್ಲ. ವೈನ್ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರಿ ಒಂದೇ ಬೆಳೆ ತೆಗೆಯುತ್ತಾರೆ, ಕೊಯ್ಲು ಬೇಸಿಗೆಯ ಬಾಗಿಲಲ್ಲಿ. ಹಾಗಾಗಿ ಒಂದೇ ಇಸವಿಯ ಫ್ರೆಂಚ್ ಬಾಟಲಿಗಿಂತ ನಮ್ಮ ನಂದಿಬೆಟ್ಟದ ಕಡೆಯ ಬಾಟಲಿ ಆರು ತಿಂಗಳಷ್ಟು ದೊಡ್ಡದು.

ಬಿಳಿ ಮತ್ತು ರೋಸೆ ವೈನಾದರೆ ಎರಡು ವರ್ಷಕ್ಕಿಂತ ಹಳೆಯದನ್ನು ಕೊಳ್ಳಬೇಡಿ. ಓಕ್ ಪೀಪಾಯಿ ಕಾಣದ ಸಾದಾ ಕೆಂಪಿಗೆ ಮೂರು ವರ್ಷದ ಗಡುವು. ಓಕ್ ಪೀಪಾಯಿಯಲ್ಲಿ ಮಾಗಿಸಿದ ಕೆಂಪು ವೈನು ಮಾತ್ರ, ತಂಪಿನಲ್ಲಿಟ್ಟರೆ, ಐದಾರು ವರ್ಷ ತಾಳಿಕೊಂಡು ಇನ್ನಷ್ಟು ಹದವಾದೀತು. ದೂರ ಹೋಗಬೇಕಿಲ್ಲ. ಕನ್ವಲ್ ಗ್ರೋವರ್ 1980ರ ದಶಕದ ಕೊನೆಯಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ತಳಿಗಳನ್ನು ನೆಟ್ಟರು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ಗ್ರೋವರ್ ಅವರ ಕಂಪನಿ ಇನ್ನೊಂದು ಕಂಪನಿಯ ಜೊತೆಗೂಡಿ ಗ್ರೋವರ್ ಝಂಪಾ ಆಯಿತು. ಅವರ ‘ಲಾ ರಿಸರ್ವ್’, ಕ್ಯಾಬರ್ನೆ ಸುವಿನ್ಯೋ ಮತ್ತು ಶಿರಾಜ್ ದ್ರಾಕ್ಷಿಗಳ ವೈನು ಬೆರೆಸಿ ಓಕ್‌ನಲ್ಲಿ ಮಾಗಿಸಿದ್ದು, ಹಳತು–ಹೊಸತು ಹೋಲಿಸಲು ಹೇಳಿಮಾಡಿಸಿದಂತಿದೆ. ಹಂಪಿ ಹಿಲ್ಸ್‌ನ ಕೃಷ್ಮಾ ಎಸ್ಟೇಟಿನ ಕ್ಯಾಬರ್ನೆಯೂ ಈ ಸಾಲಿನದ್ದೇ. ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ರಾಜ್ಯದ ಬೇರೆ ಕಡೆಯೂ ವೈನರಿಗಳು ತಲೆಯೆತ್ತಿವೆ.

ಗಾಡಿಗಳಲ್ಲಿ ರಾಶಿ ಬೀಳುವ ಕಪ್ಪು ದ್ರಾಕ್ಷಿ, ನಮ್ಮ ‘ಬೆಂಗಳೂರು ಬ್ಲೂ’, ಜಿಐ ಮಾನ್ಯತೆ ಪಡೆದ ಹಣ್ಣು. ಅದರಿಂದ ಸಿಹಿಯಾದ ಪೋರ್ಟ್ ವೈನು ಮಾಡುತ್ತಾರೆ, ಮನೆಗಳಲ್ಲಿ ಕ್ರಿಸ್‌ಮಸ್ ವೈನೂ ಆಗುತ್ತದೆ. ಅದರ ಗಾಢ ಕಂಪು ಜ್ಯೂಸಿಗೆ ಚಂದ. ಮಾಗಿಸುವ ಆಸೆ ಮಾತ್ರ ಅದರ ಮೇಲೆ ಇಟ್ಟುಕೊಳ್ಳಬೇಡಿ.

ಅಂಗಡಿಯಲ್ಲಿ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಬಾಟಲಿ ಎತ್ತಬೇಡಿ. ಕಾರ್ಕು ಮೇಲಕ್ಕೆ ಉಬ್ಬಿದ್ದರೆ, ಬಾಯಿಯ ಸುತ್ತ ಅಂಟಂಟಾಗಿದ್ದರೆ ಅದು ಬಿಸಿ ತಿಂದಿದೆ ಎಂದರ್ಥ. ತಿರುಪು ಮುಚ್ಚಳ ಇದ್ದರೆ ಅಗ್ಗದ ಮಾಲು ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ, ಬೇಗ ಕುಡಿಯುವ ವೈನಿಗೆ ಅದೇ ವಾಸಿ.

ಮನೆಯಲ್ಲಿ ಸಿದ್ಧತೆ

ಐದಾರು ಜನ ಸಾಕು. 750 ಮಿಲಿಲೀಟರಿನ ಬಾಟಲಿಯಲ್ಲಿ 60 ಮಿಲಿಲೀಟರಿನಂತೆ 12 ಸುರಿತ ಸಿಗುತ್ತದೆ. ಮೂರು ಬಾಟಲಿ ಇಡಿ: ಹೊಸ ಬಿಳಿ ಒಂದು, ಹೊಸ ಕೆಂಪು ಒಂದು, ನಾಲ್ಕೈದು ವರ್ಷದ ಕೆಂಪು ಒಂದು. ಎರಡು ಕೆಂಪೂ ಒಂದೇ ಹೆಸರಿನ ಬೇರೆ ಬೇರೆ ಇಸವಿಯವಾದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಿರಿ ಎಂದು ಪುಸ್ತಕಗಳು ಹೇಳುತ್ತವೆ. ಅದು ಯುರೋಪಿನ ಚಳಿ ಮನೆಯ ಕೋಣೆ, ಸುಮಾರು 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬನಶಂಕರಿಯ ಮೇಲ್ಮಹಡಿ ಮನೆ 30 ಡಿಗ್ರಿ ದಾಟಿರುತ್ತದೆ, ಅಲ್ಲಿ ಕೆಂಪು ವೈನು ಬರೀ ಸ್ಪಿರಿಟ್ಟಿನ ಘಾಟು ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ನಾಚಿಕೆ ಬೇಡ. ಬಿಳಿಯದು ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿದ್ದು, ಸುರಿಯುವ ಹತ್ತು ನಿಮಿಷ ಮೊದಲು ಹೊರಗೆ ಬರಲಿ.

ಆ ಹೊತ್ತು ಮನೆಯಲ್ಲಿ ಊದುಬತ್ತಿ, ಸಾಂಬ್ರಾಣಿ ಬೇಡ, ಮುಡಿದ ಮಲ್ಲಿಗೆಯೂ ಬೇಡ. ಇಂಗಿನ ಒಗ್ಗರಣೆ ಒಂದು ಗಂಟೆ ಮೊದಲೇ ಮುಗಿದಿರಲಿ. ಕಾಫಿ, ಎಲೆಅಡಿಕೆಗೂ ಅದೇ ನಿಯಮ. ನಡುವೆ ಬಾಯಿ ಶುದ್ಧಿಗೆ ನೀರು ಮತ್ತು ಸಪ್ಪೆ ಕಡಲೆಪುರಿ. ಉಗುಳಲು ಒಂದು ಚೊಂಬು ಇಟ್ಟರೆ ಮುಜುಗರವೇನಿಲ್ಲ, ಕೊನೆಯ ಗ್ಲಾಸಿನವರೆಗೆ ನಾಲಿಗೆ ಎಚ್ಚರವಾಗಿರುತ್ತದೆ.

ಹಳೇ ಕೆಂಪು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಬಣ್ಣ ಮತ್ತು ಒಗರಿನ ಕಣಗಳು ವರ್ಷಗಳಲ್ಲಿ ಒಂದಕ್ಕೊಂದು ಅಂಟಿ ತಳದಲ್ಲಿ ಗಸಿಯಾಗಿ ಕೂತಿರುತ್ತವೆ. ಕಾಯಿಸಿದ ತುಪ್ಪವನ್ನು ಗಸಿ ಅಲುಗದಂತೆ ಬಗ್ಗಿಸುತ್ತೀರಲ್ಲ, ಹಾಗೆಯೇ ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಬೆಳಕು ಹಿಡಿದು ನಿಧಾನವಾಗಿ ಗಾಜಿನ ಜಗ್ಗಿಗೆ ಬಗ್ಗಿಸಿ. ಬಗ್ಗಿಸಿದ ಕೂಡಲೇ ಕುಡಿಯಿರಿ, ಹಳೇ ವೈನಿನ ಕಂಪು ಗಾಳಿಗೆ ಬೇಗ ಹಾರಿಹೋಗುತ್ತದೆ. ಹೊಸ ಒರಟು ಕೆಂಪಿಗೆ ಇದು ತಿರುಗುಮುರುಗು: ಜಗ್ಗಿಗೆ ದಬದಬ ಸುರಿದು ಒಂದು ಗಂಟೆ ಗಾಳಿಗೆ ಬಿಡಿ, ಸಿಡುಕು ಇಳಿಯುತ್ತದೆ.

ಕಣ್ಣು, ಮೂಗು, ನಾಲಿಗೆ

ಬಿಳಿಯಿಂದ ಕೆಂಪಿಗೆ, ತೆಳುವಿನಿಂದ ಗಟ್ಟಿಗೆ, ಸಪ್ಪೆಯಿಂದ ಸಿಹಿಗೆ ಹೋಗಿ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಕ್ಯಾಲೆಂಡರ್ ಹಾಳೆಯ ಬಿಳಿ ಬೆನ್ನಿನ ಮೇಲೆ ಗ್ಲಾಸು ವಾಲಿಸಿ ಅಂಚು ನೋಡಿ. ಹೊಸ ಕೆಂಪಿನ ಅಂಚು ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಹಳತಾದಂತೆ ಅದು ಮಂಗಳೂರು ಹೆಂಚಿನ ಕಡೆಗೆ ತಿರುಗುತ್ತದೆ. ತಮಾಷೆ ಎಂದರೆ, ಕೆಂಪು ವೈನು ವಯಸ್ಸಾದಂತೆ ಬಣ್ಣ ಕಳೆದುಕೊಳ್ಳುತ್ತದೆ, ಬಿಳಿಯದು ಬಣ್ಣ ಗಳಿಸುತ್ತದೆ. ಎಳೇ ನಿಂಬೆರಸದಂತಿದ್ದದ್ದು ಜೇನಿನ ಬಣ್ಣಕ್ಕೆ, ಅಲ್ಲಿಂದ ನಮ್ಮ ಶೋಕೇಸಿನ ಟೀ ಬಣ್ಣಕ್ಕೆ ಬರುತ್ತದೆ.

ಮೊದಲು ಅಲ್ಲಾಡಿಸದೆ ಒಮ್ಮೆ ಮೂಸಿ, ಆಮೇಲೆ ಗ್ಲಾಸು ತಿರುಗಿಸಿ ಇನ್ನೊಮ್ಮೆ. ಇಲ್ಲಿ ಒಂದು ಮಾತು. ಲೇಬಲ್ಲಿನ ಹಿಂದೆ ‘ಬ್ಲ್ಯಾಕ್ ಕರಂಟ್’, ‘ಸೀಡರ್’ ಎಂದೆಲ್ಲ ಬರೆದಿರುತ್ತಾರೆ. ಬ್ಲ್ಯಾಕ್ ಕರಂಟ್ ಹಣ್ಣನ್ನು ನಮ್ಮಲ್ಲಿ ಎಷ್ಟು ಜನ ಗಿಡದಿಂದ ಕಿತ್ತು ತಿಂದಿದ್ದೇವೆ? ನಿಮಗೆ ಅದು ನೇರಳೆಹಣ್ಣು ಅನ್ನಿಸಿದರೆ ನೇರಳೆಹಣ್ಣು ಎಂದೇ ಬರೆದುಕೊಳ್ಳಿ. ಅವರೆಕಾಯಿಯನ್ನು ಸೊಗಡಿನಿಂದಲೇ ಆರಿಸುವ ಮೂಗಿಗೆ ಯಾರ ಪಾಠವೂ ಬೇಕಿಲ್ಲ. ಹೊಸ ಕೆಂಪಿನಲ್ಲಿ ತಾಜಾ ಹಣ್ಣು, ಕರಿಮೆಣಸು. ಹಳತರಲ್ಲಿ ಉತ್ತುತ್ತೆ, ಒಣದ್ರಾಕ್ಷಿ, ತೊಗಲು, ಹೊಗೆಸೊಪ್ಪು, ಮೊದಲ ಮಳೆಗೆ ನೆಂದ ತರಗೆಲೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕು ಕೆಟ್ಟಿದೆ. ವಿನಿಗರಿನ ಘಾಟು ಹೊಡೆದರೆ ವೈನೇ ಕೆಟ್ಟಿದೆ. ಎರಡನ್ನೂ ಚೆಲ್ಲಿ.

ಈಗ ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ. ಹುಳಿ ನಾಲಿಗೆಯ ಪಕ್ಕದಲ್ಲಿ ನೀರೂರಿಸುತ್ತದೆ. ಇಂಗ್ಲಿಷಿನವರು ಟ್ಯಾನಿನ್ ಎಂದು ಒದ್ದಾಡುವುದು ನಮ್ಮ ಒಗರು: ಹಸಿ ಅಡಿಕೆ ಕಚ್ಚಿದಾಗ, ಬಾಳೆಹೂವು ಹೆಚ್ಚುತ್ತಾ ಒಂದು ಎಸಳು ಬಾಯಿಗೆ ಹಾಕಿಕೊಂಡಾಗ ಒಸಡು ಹಿಡಿದುಕೊಳ್ಳುತ್ತದಲ್ಲ, ಅದೇ. ಅದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಹೊಸ ಕ್ಯಾಬರ್ನೆಯಲ್ಲಿ ಒಗರು ಗರಗಸದಂತೆ, ಚೆನ್ನಾಗಿ ಮಾಗಿದ್ದರಲ್ಲಿ ರೇಷ್ಮೆಯಂತೆ. ವಯಸ್ಸು ವೈನಿಗೆ ಕೊಡುವ ದೊಡ್ಡ ಉಪಕಾರ ಇದೊಂದೇ. ಬದಲಿಗೆ ತಾಜಾ ಹಣ್ಣಿನ ರುಚಿಯನ್ನು ಕಿತ್ತುಕೊಳ್ಳುತ್ತದೆ. ಒಗರೇ ಇಲ್ಲದ ಬಹುಪಾಲು ವೈನಿಗೆ ಮುಪ್ಪು ಬರೀ ನಷ್ಟ.

ಊಟದ ಜೊತೆ

ಖಾರದ ಲೆಕ್ಕ ಮೊದಲು. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ, ಒಗರು ಅದಕ್ಕೆ ಉಪ್ಪು ಸವರುತ್ತದೆ. ಆದ್ದರಿಂದ ನಾಟಿಕೋಳಿ ಸಾರು–ಮುದ್ದೆಗೆ ಗಟ್ಟಿ ಕ್ಯಾಬರ್ನೆ ಹಿಡಿದರೆ ಬಾಯಿ ಹೊತ್ತಿಕೊಳ್ಳುತ್ತದೆ. ತಣ್ಣಗಿನ ರೋಸೆ, ಇಲ್ಲವೇ ಚೂರು ಸಿಹಿಯಿರುವ ಬಿಳಿ ಶೆನಿನ್ ಬ್ಲಾಂಕ್ ಸಾಕು.

ಹುಳಿಗೆ ಹುಳಿಯೇ ಜೋಡಿ. ಬಿಸಿಬೇಳೆಬಾತಿನ ಹುಣಸೆಯ ಮುಂದೆ ಹುಳಿ ಕಡಿಮೆಯ ವೈನು ಸಪ್ಪೆ ನೀರು. ಬಿಳಿ ಸುವಿನ್ಯೋ ಬ್ಲಾಂಕ್‌ನ ಚುರುಕು ಅಲ್ಲಿ ನಿಲ್ಲುತ್ತದೆ. ಅವರೆಬೇಳೆ ಉಸಲಿಗೂ ಅದೇ, ಎರಡರಲ್ಲೂ ಒಂದು ಹಸಿರು ಕಂಪಿದೆ. ಹಿತುಕಿದ ಬೇಳೆ ಸಾರಿಗೆ ನಾನು ಎಲ್ಲವನ್ನೂ ಹಾಕಿ ನೋಡಿದ್ದೇನೆ, ಒಂದೂ ಕೂರಲಿಲ್ಲ.

ಬೆಣ್ಣೆ ಮಸಾಲೆ ದೋಸೆಗೆ ನೊರೆಯ ಬ್ರೂಟ್ ವೈನು. ನಗಬೇಡಿ. ಗರಿಗರಿ, ಜಿಡ್ಡು, ಹುದುಗಿನ ಹುಳಿ ಮೂರನ್ನೂ ಆ ಗುಳ್ಳೆಗಳು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತವೆ. ಕೆಂಪು ಚಟ್ನಿ ಮಾತ್ರ ತೆಳುವಾಗಿ ಸವರಿಸಿ. ಹೋಟೆಲಿನಿಂದ ಪಾರ್ಸೆಲ್ ತಂದ ದೋಸೆ ಮೆತ್ತಗಾಗಿರುತ್ತದೆ, ಮನೆ ಕಾವಲಿಯದ್ದೇ ಆಗಬೇಕು.

ಜಯನಗರದ ದೊನ್ನೆ ಬಿರಿಯಾನಿಗೆ ಹೊಸ ಶಿರಾಜ್. ಪುದೀನ, ಕೊತ್ತಂಬರಿ, ಮಟನ್ನಿನ ಕೊಬ್ಬು ಅದರ ಒಗರನ್ನು ಪಳಗಿಸುತ್ತವೆ. ಶಿರಾಜಿನ ಮೆಣಸಿನ ವಾಸನೆ ಬರೀ ಕಲ್ಪನೆಯಲ್ಲ. ಕರಿಮೆಣಸಿಗೆ ಆ ಪರಿಮಳ ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆಯೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಮಟನ್ ಪೆಪ್ಪರ್ ಫ್ರೈ ಕೂಡ ಈ ಲೆಕ್ಕಕ್ಕೇ ಸೇರುತ್ತದೆ. ಮೀನಿಗೆ ಒಗರಿನ ಕೆಂಪು ಬೇಡ, ಬಾಯಲ್ಲಿ ಕಬ್ಬಿಣದ ರುಚಿ ಉಳಿಯುತ್ತದೆ.

ಹಳೇ ವೈನಿಗೆ ಊಟ ಬಗ್ಗಬೇಕು. ಅದರ ಸಣ್ಣ ದನಿ ಸಾರಿನಪುಡಿಯ ಗದ್ದಲದಲ್ಲಿ ಕೇಳಿಸದು. ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಖಾರವಿಲ್ಲದ ಮಟನ್ ಸ್ಟ್ಯೂ, ಇಲ್ಲವೇ ಒಂದು ತುಂಡು ಗಟ್ಟಿ ಚೀಸು ಸಾಕು. ಉಪ್ಪಿನಕಾಯಿ ಜಾಡಿ ಮೇಜಿನ ಹತ್ತಿರವೂ ಸುಳಿಯದಿರಲಿ.

ಹೋಳಿಗೆ, ಮೈಸೂರುಪಾಕಿನ ಎದುರು ಸಿಹಿಯಿಲ್ಲದ ಯಾವ ವೈನೂ ಹುಳಿಮುಖ ಮಾಡುತ್ತದೆ. ತಿಂಡಿಗಿಂತ ವೈನು ಸಿಹಿಯಾಗಿರಬೇಕು. ತಡವಾಗಿ ಕೊಯ್ದ ದ್ರಾಕ್ಷಿಯ, ‘ಲೇಟ್ ಹಾರ್ವೆಸ್ಟ್’ ಎಂದು ಬರೆದ ಶೆನಿನ್ ಬ್ಲಾಂಕ್ ನಮ್ಮಲ್ಲೇ ಸಿಗುತ್ತದೆ. ಮೊಸರನ್ನಕ್ಕೆ ಜೋಡಿ ಹುಡುಕಬೇಡಿ, ಅದು ಒಂಟಿಯಾಗಿಯೇ ಸುಖವಾಗಿದೆ.

ಮುಗಿದ ಮೇಲೆ

ಬಂದವರು ಆಟೋದಲ್ಲೋ ಮೆಟ್ರೋದಲ್ಲೋ ಹೋಗಲಿ, ಸ್ಕೂಟರಿನ ಕೀ ನಿಮ್ಮ ಹತ್ತಿರವೇ ಇರಲಿ. ಉಳಿದ ಬಾಟಲಿಗೆ ಬಿರಡೆ ಬಿಗಿದು ಕೆಂಪನ್ನೂ ಫ್ರಿಜ್ಜಿನಲ್ಲೇ ನಿಲ್ಲಿಸಿ. ಹೊಸ ವೈನು ಮೂರು ದಿನ ಚೆನ್ನಾಗಿರುತ್ತದೆ. ಹಳತು ಮರುದಿನ ಬೆಳಿಗ್ಗೆಗೇ ಸೋತಿರುತ್ತದೆ, ಅದನ್ನು ಆ ರಾತ್ರಿಯೇ ಮುಗಿಸಿ.