ಭ್ರಮಣಕೇಂದ್ರದ ನಿರ್ಣಯ

ಕುಂಬಾರನು ಹಸಿಮಣ್ಣಿನ ಮುದ್ದೆಯನ್ನು ತಿಗುರಿಯ ನಟ್ಟನಡುವೆ ಇಡುತ್ತಾನೆ. ಅದು ಬೆರಳಗಲ ಸರಿದರೂ ಓಲಾಡುತ್ತದೆ, ಗಡಿಗೆ ರೂಪುಗೊಳ್ಳದು. ಗಣಕದ ತೆರೆಯ ಮೇಲೆ ಮಾದರಿಗಳನ್ನು ತಿರುಗಿಸಿ ಪರಿಶೀಲಿಸುವ ವಿದ್ಯಾರ್ಥಿಗೂ ಇಂತಹದೇ ಎಚ್ಚರ ಅವಶ್ಯ. 'ಕೇಂದ್ರ' ಶಬ್ದವು ಗ್ರೀಕರ 'ಕೆಂಟ್ರಾನ್' ಎಂಬುದರಿಂದ ಜ್ಯೋತಿಷ ಗ್ರಂಥಗಳ ಮೂಲಕ ಸಂಸ್ಕೃತಕ್ಕೆ ಬಂದುದು. ಚುಚ್ಚುವ ಮೊನೆಯೆಂಬುದು ಅದರ ಮೂಲಾರ್ಥ. ಆ ಮೊನೆಯನ್ನು ಎಲ್ಲಿ ಊರಬೇಕೆಂಬುದೇ ಇಲ್ಲಿಯ ವಿಚಾರ.

ಗಾಳಿ, ನೀರು, ಶಾಖ ಮುಂತಾದವುಗಳ ವರ್ತನೆಯನ್ನು ಗಣಿತದಿಂದ ಅನುಕರಿಸಿ ಪಡೆದ ಫಲವನ್ನು ಚಿತ್ರರೂಪದಲ್ಲಿ ತೋರಿಸುವ ತಂತ್ರಾಂಶಗಳಲ್ಲಿ 'ಪ್ಯಾರಾವ್ಯೂ' ಒಂದು. ಅಮೆರಿಕದ ಕಿಟ್‌ವೇರ್ ಸಂಸ್ಥೆ ಮತ್ತು ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯಗಳ ಸಹಯೋಗದಿಂದ 2000ರಲ್ಲಿ ಇದರ ನಿರ್ಮಾಣ ಆರಂಭವಾಯಿತು.

'ಓಪನ್‌ಫೋಮ್' ಎಂಬ ಗಣನ ತಂತ್ರಾಂಶದೊಡನೆ ಬರುವ ಮೋಟಾರ್ ಸೈಕಲ್ಲಿನ ಪಾಠವನ್ನು ಉದಾಹರಣೆಯಾಗಿ ನೋಡಬಹುದು. ಅದರಲ್ಲಿ ಗಾಳಿಯ ಕ್ಷೇತ್ರವು 20 ಮೀಟರ್ ಉದ್ದ, 8 ಮೀಟರ್ ಅಗಲ, 8 ಮೀಟರ್ ಎತ್ತರದ ಪೆಟ್ಟಿಗೆ. ವಾಹನವಾದರೋ ಅದರ ಮುಂಭಾಗದ ಕಡೆಗೆ ನೆಲದ ಮೇಲಿದೆ. ತಂತ್ರಾಂಶವು ತಾನಾಗಿ ಭ್ರಮಣಕೇಂದ್ರವನ್ನು ಇಡೀ ಪೆಟ್ಟಿಗೆಯ ನಡುವೆ ಸ್ಥಾಪಿಸುತ್ತದೆ. ಆ ಬಿಂದುವು ವಾಹನದ ಹಿಂದೆ, ನೆಲದಿಂದ 4 ಮೀಟರ್ ಮೇಲೆ, ಬರಿಯ ಗಾಳಿಯಲ್ಲಿ ಬೀಳುತ್ತದೆ. ಆದಕಾರಣ ಗಾಲಿಯನ್ನು ಸಮೀಪಕ್ಕೆ ತಂದು ತಿರುಗಿಸಿದೊಡನೆ ಅದು ತೆರೆಯಿಂದಲೇ ಮರೆಯಾಗುತ್ತದೆ.

ಇದಕ್ಕೆ ಕಾರಣ ಸರಳ. ಪ್ರತಿ ಬಿಂದುವಿಗೂ ಕೇಂದ್ರದಿಂದಿರುವ ಅಂತರವನ್ನು ಮೊದಲು ಕಂಡುಕೊಂಡು, ಆ ಅಂತರವನ್ನು ತಿರುಗಿಸಿ, ಮರಳಿ ಕೇಂದ್ರಕ್ಕೆ ಕೂಡಿಸಲಾಗುತ್ತದೆ. ಅಂತರ ಸೊನ್ನೆಯಾದ ಬಿಂದು ಅಲುಗದು. ದೂರವಿದ್ದಷ್ಟೂ ಬೀಸು ದೊಡ್ಡದು.

ಪರಿಹಾರಗಳು ಮೂರು. 'ಪಿಕ್ ಸೆಂಟರ್' ಗುಂಡಿಯನ್ನೊತ್ತಿ ಗಾಲಿಯ ಮೇಲೆ ಗುರುತಿಸಿದರೆ ಕೇಂದ್ರವು ಅಲ್ಲಿಗೆ ಬರುತ್ತದೆ. ವಾಹನವನ್ನಷ್ಟೇ ಬೇರ್ಪಡಿಸಿ ಆರಿಸಿಕೊಂಡು 'ರೀಸೆಟ್ ಸೆಂಟರ್' ಒತ್ತಿದರೆ ವಾಹನದ ಮಧ್ಯಕ್ಕೆ ಬರುತ್ತದೆ. ನಿಖರತೆ ಬೇಕಾದಲ್ಲಿ ಕ್ಯಾಮರಾ ಹೊಂದಿಸುವ ಫಲಕದಲ್ಲಿ ಮೂರು ನಿರ್ದೇಶಾಂಕಗಳನ್ನು ಬರೆಯಬಹುದು.

ಒಂದು ಭೇದವನ್ನು ಮಾತ್ರ ಮರೆಯಲಾಗದು. ಇಲ್ಲಿ ತಿರುಗುವುದು ನೋಟವೇ ಹೊರತು ವಸ್ತುವಲ್ಲ. ಶಿಲ್ಪವನ್ನು ಸುತ್ತಿ ನೋಡುವವನಿಂದ ಶಿಲ್ಪವು ಕದಲುವುದಿಲ್ಲ. 'ಟ್ರಾನ್ಸ್‌ಫಾರ್ಮ್' ಎಂಬ ಸಾಧನವಾದರೋ ವಸ್ತುವಿನ ನಿರ್ದೇಶಾಂಕಗಳನ್ನೇ ಬದಲಿಸುತ್ತದೆ. ನೋಟವನ್ನು ಸರಿಪಡಿಸಹೊರಟು ಅದನ್ನು ಬಳಸಿದ ವಿದ್ಯಾರ್ಥಿಯು, ಗಾಲಿಯ ಸ್ಥಾನವನ್ನು ಅಳೆದಾಗ ತಪ್ಪು ಅಂಕಿಗಳನ್ನು ಸತ್ಯವೆಂದು ಭ್ರಮಿಸುವನು. ಆದುದರಿಂದ ತಿರುಗಿಸುವ ಮೊದಲು ಕೇಂದ್ರವೆಲ್ಲಿದೆ, ತಿರುಗುವುದು ಯಾವುದು ಎಂಬೆರಡನ್ನೂ ವಿಚಾರಿಸುವುದನ್ನು ಅಧ್ಯಾಪಕರು ಪ್ರಥಮ ಪಾಠದಲ್ಲಿಯೇ ರೂಢಿಸುವುದು ಯುಕ್ತ.