ದಕ್ಷಿಣ ಧ್ರುವದ ಕಡೆಗೆ ಹಡಗು: ಟಿಕೆಟ್ಟಿನಲ್ಲಿ ಬರೆಯದ ವೆಚ್ಚ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ರಾಷ್ಟ್ರೀಯ ವರಮಾನದ ಅಧ್ಯಾಯದಲ್ಲಿ 'ಬಾಹ್ಯತೆಗಳು' ಎಂಬ ಚಿಕ್ಕ ಭಾಗವಿದೆ. ತೈಲ ಶುದ್ಧೀಕರಣ ಕಾರ್ಖಾನೆ ನದಿಗೆ ಕೊಳೆ ಬಿಡುತ್ತದೆ, ಮೀನು ಸಾಯುತ್ತದೆ, ಮೀನುಗಾರ ನಷ್ಟ ಅನುಭವಿಸುತ್ತಾನೆ. ಆದರೆ ಆ ನಷ್ಟ ಕಾರ್ಖಾನೆಯ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಪರೀಕ್ಷೆಗೆ ನಾವೆಲ್ಲ ಇದೇ ಉದಾಹರಣೆ ಬರೆಯುತ್ತೇವೆ. ಇಲ್ಲಿ ನಾನು ಬೇರೆ ಉದಾಹರಣೆ ಕೊಡುತ್ತೇನೆ: ಅಂಟಾರ್ಕ್ಟಿಕಕ್ಕೆ ಹೋಗುವ ಪ್ರವಾಸಿ ಹಡಗು. ಅಲ್ಲಿ ನಷ್ಟ ಹೇಳಿಕೊಳ್ಳಲು ಮೀನುಗಾರನೂ ಇಲ್ಲ.

ವ್ಯಾಪಾರ ಹೇಗೆ ನಡೆಯುತ್ತದೆ?

ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ಹೊರಡುತ್ತವೆ. ಡ್ರೇಕ್ ಜಲಮಾರ್ಗ ದಾಟಲು ಸುಮಾರು ಎರಡು ದಿನ ಬೇಕು. ಆಮೇಲೆ ಅಂಟಾರ್ಕ್ಟಿಕ ಪರ್ಯಾಯ ದ್ವೀಪ ಸಿಗುತ್ತದೆ. ಹಡಗು ದೂರದಲ್ಲಿ ನಿಲ್ಲುತ್ತದೆ. ಜನರನ್ನು ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಪೆಂಗ್ವಿನ್, ಸೀಲ್, ತಿಮಿಂಗಿಲ, ಹಿಮಗಡ್ಡೆಗಳನ್ನು ನೋಡುವುದೇ ಇಲ್ಲಿ ಮಾರಾಟವಾಗುವ ಸರಕು. ಹತ್ತು ಹನ್ನೊಂದು ದಿನದ ಯಾನಕ್ಕೆ ತಲೆಗೆ ಹಲವು ಲಕ್ಷ ರೂಪಾಯಿ.

ಬೆಲೆ ಇಷ್ಟು ಏಕೆ? ಸ್ಥಿರ ವೆಚ್ಚವನ್ನು ನೆನಪಿಸಿಕೊಳ್ಳಿ. ಮಂಜುಗಡ್ಡೆ ತಾಳುವ ಹಡಗು ಬಹಳ ದುಬಾರಿ, ಆದರೆ ಅಲ್ಲಿನ ಋತು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಹಡಗು ಸುಮ್ಮನೆ ನಿಂತರೂ ಸವಕಳಿ ನಿಲ್ಲುವುದಿಲ್ಲ. ಅದಕ್ಕೇ ಹಲವು ಹಡಗುಗಳು ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಉತ್ತರಕ್ಕೆ, ಸ್ವಾಲ್ಬಾರ್ಡ್ ಮತ್ತು ಗ್ರೀನ್‌ಲ್ಯಾಂಡ್ ಕಡೆಗೆ ಹೋಗಿ ದುಡಿಯುತ್ತವೆ.

ಕೆಲವು ಯಾನಗಳಲ್ಲಿ ನೀರಿನೊಳಗೆ ಮುಳುಗುವ ಡೈವಿಂಗ್ ಕೂಡ ಇರುತ್ತದೆ. ಇದಕ್ಕೆ ಪ್ರತ್ಯೇಕ ಶುಲ್ಕ. ಉಪ್ಪುನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ, ಆದ್ದರಿಂದ ಸಮುದ್ರದ ನೀರು ಸೊನ್ನೆಗಿಂತ ತಣ್ಣಗಿದ್ದರೂ ದ್ರವವಾಗಿಯೇ ಇರುತ್ತದೆ. ಡೈವರ್‌ಗಳು ನೀರು ಒಳಬಾರದ 'ಡ್ರೈ ಸೂಟ್' ಧರಿಸುತ್ತಾರೆ. ಸಿಲಿಂಡರಿನ ಗಾಳಿ ಹಿಗ್ಗುವಾಗ ಇನ್ನೂ ತಣ್ಣಗಾಗಿ, ಉಸಿರಾಟದ ರೆಗ್ಯುಲೇಟರಿನಲ್ಲಿ ಹಿಮ ಕಟ್ಟಬಹುದು. ಆಗ ಗಾಳಿ ತಡೆಯಿಲ್ಲದೆ ಹೊರನುಗ್ಗಿ ಖಾಲಿಯಾಗುತ್ತದೆ. ಹೀಗಾಗಿ ಒಬ್ಬೊಬ್ಬರಿಗೂ ಎರಡು ಪ್ರತ್ಯೇಕ ರೆಗ್ಯುಲೇಟರ್ ಬೇಕು. ಹಿಮಗಡ್ಡೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನಡಿಯಲ್ಲಿದ್ದು, ಅದು ಯಾವಾಗ ಬೇಕಾದರೂ ಮಗುಚಬಹುದು. 2003ರಲ್ಲಿ ಬ್ರಿಟನ್ನಿನ ರೊಥೆರಾ ಸಂಶೋಧನಾ ನೆಲೆಯ ಬಳಿ ಸಮುದ್ರ ವಿಜ್ಞಾನಿ ಕರ್ಸ್ಟಿ ಬ್ರೌನ್ ಅವರನ್ನು ಚಿರತೆ ಸೀಲ್ ಎಳೆದೊಯ್ದು ಅವರು ತೀರಿಕೊಂಡರು. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ ಕಾರಣ ಆಳಕ್ಕೆ ಹೋಗಲು ಬಿಡುವುದಿಲ್ಲ. ಹತ್ತಿಪ್ಪತ್ತು ಜನರಿಗಾಗಿ ಇಷ್ಟು ಸಲಕರಣೆ, ದೋಣಿ, ಸಿಬ್ಬಂದಿ ಬೇಕಾದ್ದರಿಂದ ತಲಾ ವೆಚ್ಚ ಏರುತ್ತದೆ.

ಇವೆಲ್ಲ ಟಿಕೆಟ್ಟಿನಲ್ಲಿ ಇರುವ ವೆಚ್ಚ. ಇಲ್ಲದಿರುವುದನ್ನು ಈಗ ನೋಡೋಣ.

ಯಾರ ಖಾತೆಗೆ?

1990ರ ದಶಕದ ಆರಂಭದಲ್ಲಿ ಅಲ್ಲಿಗೆ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಕಡಿಮೆ ಪ್ರವಾಸಿಗರು ಹೋಗುತ್ತಿದ್ದರು. ಈಗ ಒಂದು ಲಕ್ಷ ದಾಟಿದೆ. ಹಡಗಿನ ಹೊಗೆಯಲ್ಲಿ ಕಪ್ಪು ಇಂಗಾಲದ ಕಣಗಳಿರುತ್ತವೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಮಸಿ ಬಿದ್ದ ಹಿಮ ಹೀರಿಕೊಂಡು ಬೇಗ ಕರಗುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಒಬ್ಬ ಪ್ರವಾಸಿಯಿಂದ ಸುಮಾರು 83 ಟನ್ ಹಿಮ ಬೇಗ ಕರಗುತ್ತದೆ. ಈ 83 ಟನ್ನಿಗೆ ಯಾರೂ ಬಿಲ್ ಕೊಡುವುದಿಲ್ಲ.

2007ರ ನವೆಂಬರ್ 23ರಂದು 'ಎಕ್ಸ್‌ಪ್ಲೋರರ್' ಎಂಬ ಪ್ರವಾಸಿ ಹಡಗು ಮಂಜಿಗೆ ತಗುಲಿ ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಬಳಿ ಮುಳುಗಿತು. ಜೀವರಕ್ಷಕ ದೋಣಿಗಳಲ್ಲಿ ಗಂಟೆಗಟ್ಟಲೆ ಕಾದಿದ್ದ 154 ಜನರನ್ನೂ 'ನೋರ್ಡ್‌ನೋರ್ಗೆ' ಎಂಬ ಇನ್ನೊಂದು ಪ್ರವಾಸಿ ಹಡಗು ಕಾಪಾಡಿತು. ಜನ ಉಳಿದರು, ಇಂಧನ ಸಮುದ್ರಕ್ಕೆ ಸೋರಿತು.

ನಿಯಮ ಮಾಡಿದವರು ಯಾರು?

ಮಾಲೀಕನಿಲ್ಲದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಒಂದು ಹಸು ಹೆಚ್ಚು ಬಿಟ್ಟರೆ ಕೊನೆಗೆ ಯಾರಿಗೂ ಹುಲ್ಲು ಉಳಿಯುವುದಿಲ್ಲ. ಅಂಟಾರ್ಕ್ಟಿಕವೂ ಹಾಗೆ ಆಗಬಹುದಿತ್ತು. ಆದರೆ 1959ರಲ್ಲಿ 12 ದೇಶಗಳು ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತ 1983ರಲ್ಲಿ ಸೇರಿತು. 1991ರ ಮ್ಯಾಡ್ರಿಡ್ ಶಿಷ್ಟಾಚಾರ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು.

ಅದೇ 1991ರಲ್ಲಿ ಏಳು ಪ್ರವಾಸಿ ಕಂಪನಿಗಳು ಸೇರಿ 'ಇಯಾಟೊ' ಎಂಬ ಸಂಘ ಕಟ್ಟಿದವು. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರು ಮಾತ್ರ ಇಳಿಯಬೇಕು, 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಯಾರನ್ನೂ ಇಳಿಸಬಾರದು, ಪ್ರಾಣಿಗಳಿಂದ ಕನಿಷ್ಠ 5 ಮೀಟರ್ ದೂರ ಇರಬೇಕು, ಹೊರಗಿನ ಬೀಜ ಮತ್ತು ರೋಗಾಣು ಹೋಗದಂತೆ ಬೂಟು ತೊಳೆಯಬೇಕು. ಸ್ಪರ್ಧಿಗಳಾದ ಕಂಪನಿಗಳು ಯಾವ ದಿನ ಯಾರು ಎಲ್ಲಿಗೆ ಎಂದು ಒಂದೇ ವೇಳಾಪಟ್ಟಿ ಮಾಡಿಕೊಳ್ಳುತ್ತವೆ. ಇದು ಬರೀ ಒಳ್ಳೆಯತನವಲ್ಲ. ಅವರು ಮಾರುವುದು ನಿರ್ಜನತೆಯನ್ನು. ಎರಡು ಹಡಗು ಒಂದೇ ಕೊಲ್ಲಿಯಲ್ಲಿ ಎದುರಾದರೆ ಇಬ್ಬರ ಸರಕೂ ಕೆಡುತ್ತದೆ.

ಭಾರೀ ಇಂಧನ ತೈಲವನ್ನು ಮಾತ್ರ ಕಂಪನಿಗಳು ತಾವಾಗಿ ಬಿಟ್ಟಿದ್ದರೆ ಸಾಲುತ್ತಿರಲಿಲ್ಲ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2011ರ ಆಗಸ್ಟ್ 1ರಿಂದ ಅದನ್ನು ಆ ಸಮುದ್ರದಲ್ಲಿ ನಿಷೇಧಿಸಿತು. 2017ರ ಜನವರಿ 1ರಿಂದ ಧ್ರುವ ಸಂಹಿತೆ ಜಾರಿಗೆ ಬಂತು. ಇದರಿಂದ ನನಗೆ ತಿಳಿಯುವುದು ಇಷ್ಟು: ಲಾಭಕ್ಕೆ ಹೊಂದುವ ನಿಯಮವನ್ನು ವ್ಯಾಪಾರಿ ತಾನೇ ಮಾಡಿಕೊಳ್ಳುತ್ತಾನೆ, ಖರ್ಚು ಹೆಚ್ಚಿಸುವ ನಿಯಮಕ್ಕೆ ಕಾನೂನು ಬೇಕು. ಇನ್ನೂ ಒಂದು ಬಾಕಿ ಇದೆ. ಒಂದು ಜಾಗಕ್ಕೆ ಒಮ್ಮೆಗೆ 100 ಎಂಬ ಮಿತಿ ಇದೆ, ಇಡೀ ಖಂಡಕ್ಕೆ ಒಂದು ಋತುವಿಗೆ ಇಷ್ಟೇ ಜನ ಎಂಬ ಮಿತಿ ಇಲ್ಲ.

ಅಮಾನತು ಮತ್ತು ಅಮಾನತ್

ಏಳು ದೇಶಗಳು ಅಂಟಾರ್ಕ್ಟಿಕದ ಭಾಗಗಳು ತಮ್ಮವೆಂದು ಹೇಳಿವೆ. ಒಪ್ಪಂದದ ನಾಲ್ಕನೆಯ ವಿಧಿ ಆ ಹಕ್ಕುಗಳನ್ನು ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಕನ್ನಡದಲ್ಲಿ ಹೇಳಬೇಕೆಂದರೆ ಹಕ್ಕುಗಳು ಅಮಾನತಿನಲ್ಲಿವೆ. ನಮ್ಮ ಮನೆಯ ಉರ್ದುವಿನಲ್ಲಿ ಇದೇ ಪದಕ್ಕೆ ಬೇರೆ ಅರ್ಥ: ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಹಾಗೆಯೇ ಹಿಂದಿರುಗಿಸಬೇಕಾದದ್ದು. ಎರಡು ಅರ್ಥವೂ ಈ ಖಂಡಕ್ಕೆ ಸರಿಹೊಂದುತ್ತವೆ. ಯಾರದೂ ಅಲ್ಲ ಎನ್ನುವುದು ಒಂದು, ಆದ್ದರಿಂದ ಎಲ್ಲರೂ ಉತ್ತರ ಕೊಡಬೇಕು ಎನ್ನುವುದು ಇನ್ನೊಂದು.

ಭಾರತದ ಮೊದಲ ಅಂಟಾರ್ಕ್ಟಿಕ ತಂಡ ಡಾ. ಸೈಯದ್ ಜಹೂರ್ ಖಾಸಿಂ ಅವರ ನಾಯಕತ್ವದಲ್ಲಿ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟಿತು. 'ಪೋಲಾರ್ ಸರ್ಕಲ್' ಎಂಬ ನಾರ್ವೆಯ ಹಡಗನ್ನು ಬಾಡಿಗೆಗೆ ಪಡೆದು ಹೋದ 21 ಜನರ ತಂಡ 1982ರ ಜನವರಿಯಲ್ಲಿ ಅಲ್ಲಿಗೆ ತಲುಪಿತು. ಅವರು ತಂದದ್ದು ನೀರು, ಹಿಮ, ಹವೆಯ ಮಾಹಿತಿ. ಪ್ರವಾಸಿ ತರುವುದು ಫೋಟೋ. ಫೋಟೋ ತಪ್ಪು ಎಂದು ನಾನು ಹೇಳುವುದಿಲ್ಲ. ನೋಡಿದವರು ಆ ಜಾಗದ ಪರವಾಗಿ ಮಾತನಾಡುತ್ತಾರೆ ಎನ್ನುವ ವಾದದಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಲೆಕ್ಕ ಬರೆಯುವವರಾಗಿ ನಾವು ಡೆಬಿಟ್ ಕಡೆಯನ್ನು ಖಾಲಿ ಬಿಡುವಂತಿಲ್ಲ.

ಚರ್ಚೆಗೆ:
1. ಋತುವಿಗೆ ಒಟ್ಟು ಪ್ರವಾಸಿಗರ ಮಿತಿ ಹಾಕಿದರೆ ಟಿಕೆಟ್ ಬೆಲೆ ಏನಾಗುತ್ತದೆ? ಅದು ಶ್ರೀಮಂತರಿಗೆ ಮಾತ್ರ ಉಳಿಯುವುದು ನ್ಯಾಯವೇ?
2. ಮಿತಿಯ ಬದಲು ಪ್ರತಿ ಟಿಕೆಟ್ಟಿಗೆ ತೆರಿಗೆ ಹಾಕಿದರೆ, ಮಾಲೀಕನಿಲ್ಲದ ಜಾಗದಲ್ಲಿ ಅದನ್ನು ವಸೂಲಿ ಮಾಡುವವರು ಯಾರು?
3. ನಮ್ಮ ಊರಿನಲ್ಲಿ ಇಂಥ ಬಿಲ್ ಇಲ್ಲದ ವೆಚ್ಚ ಯಾವುದು?